ಕೊನೆಮನೆಯ ಬಚ್ಚಲು

ಇಳಿಜಾರಿನ ಆ ಬೀದಿಯಲ್ಲಿ ಕಟ್ಟಕಡೆಯ ಮನೆ ಅವಳದು. ಬೀದಿಯವರೆಲ್ಲ ಕೊನೆಮನೆ ಟೈಲರಮ್ಮ ಎಂದೇ ಕರೆಯುತ್ತಿದ್ದರು. ಮೇಲಿನವರು ಬಿಟ್ಟ ನೀರು ಕೆಳಗಿನವರನ್ನು ಹಾದುಹೋಗುವುದು ಲೋಕರೂಢಿ. ಆದರೆ ಅದು ನೆಲದೊಳಗಿನ ಕೊಳವೆಯಲ್ಲಿ ತನ್ನ ಪಾಡಿಗೆ ತಾನು ಹೋಗಬೇಕೇ ಹೊರತು, ದಾರಿಯಲ್ಲಿ ಸಿಕ್ಕ ಮನೆಯ ಬಚ್ಚಲಿನಲ್ಲಿ ತಲೆಯೆತ್ತಿ ಯೋಗಕ್ಷೇಮ ವಿಚಾರಿಸಬಾರದು. ಟೈಲರಮ್ಮನ ಬಚ್ಚಲಿನಲ್ಲಿ ಅದು ತಪ್ಪದೆ ವಿಚಾರಿಸುತ್ತಿತ್ತು.

ಮೊದಲು ಜಾಲರಿಯ ಕೆಳಗಿನಿಂದ ಒಂದು ತೇಗು ಕೇಳಿಸುತ್ತಿತ್ತು, ಹೊಟ್ಟೆ ಬಿರಿಯ ಉಂಡವರು ತೇಗಿದ ಹಾಗೆ. ತೇಗು ದೊಡ್ಡದಾದರೆ ಮಹಡಿಮನೆಯವರ ಬಟ್ಟೆ ಒಗೆಯುವ ಯಂತ್ರ ನೀರು ಬಿಟ್ಟಿತೆಂದು ಅರ್ಥ. ಸಣ್ಣದಾಗಿ ಗುಳುಗುಳು ಎಂದರೆ ನಡುಮನೆಯವರು ಪಾತ್ರೆ ತೊಳೆದರೆಂದು ಅರ್ಥ. ಮೇಲೆದ್ದು ಬಂದ ನೊರೆಯನ್ನು ನೋಡಿ ಯಾರ ಮನೆಯವರು ಯಾವ ಸಾಬೂನಿಗೆ ಬದಲಾಯಿಸಿದರು ಎಂಬುದನ್ನೂ ಅವಳು ಹೇಳಬಲ್ಲಳು. ಇಂಥ ಜ್ಞಾನ ಯಾವ ಹೆಣ್ಣಿಗೂ ಬೇಡ ಎಂದು ಅವಳೇ ಬೈದುಕೊಂಡು ಪೊರಕೆ ಹಿಡಿಯುತ್ತಿದ್ದಳು.

ಅವಳಿಗೆ ಹೊಲಿಗೆ ಕಲಿಸಿದವಳು ಸೋದರತ್ತೆ. ಮದುವೆಗೆ ಮುಂಚೆ ಆ ಅತ್ತೆಯ ಕಾಲ ಬುಡದಲ್ಲಿ ಕೂತು ಗುಂಡಿ ಹಚ್ಚುವುದರಿಂದ ಹಿಡಿದು ಅಂಗಿಯ ಕಾಲರು ಕತ್ತರಿಸುವವರೆಗೆ ಎಲ್ಲವನ್ನೂ ಕಲಿತಳು. ತಪ್ಪಿದ ಹೊಲಿಗೆಯ ಮೇಲೆ ಇನ್ನೊಂದು ಹೊಲಿಗೆ ಓಡಿಸಿದರೆ ಅತ್ತೆ ಗಜಕಡ್ಡಿಯಿಂದ ಬೆರಳಗಂಟಿಗೆ ಒಂದು ಕೊಡುತ್ತಿದ್ದಳಂತೆ. ಮದುವೆಯಾಗಿ ಈ ಮನೆಗೆ ಬಂದಾಗ ಅವಳು ತಂದ ಆಸ್ತಿಯೆಂದರೆ ಆ ಅತ್ತೆಯ ಕಾಲು ತುಳಿಯುವ ಹೊಲಿಗೆಯಂತ್ರ ಒಂದೇ. ಗಂಡ ಲಾರಿ ಚಾಲಕ. ಮನೆಗೆ ಬಂದರೆ ನಿದ್ದೆ, ಎದ್ದರೆ ಪ್ರಯಾಣ. ಮನೆಯಲ್ಲಿ ಉಳಿದವರು ಅವಳು ಮತ್ತು ಅವಳ ಮಾವ.

ಹಿಂಬದಿಯ ಕೋಣೆ ಅವಳ ಕಾರ್ಖಾನೆ. ಅದಕ್ಕೆ ಅಂಟಿಕೊಂಡೇ ಬಚ್ಚಲು. ಬೀದಿಯ ಮೇಲ್ತುದಿಯಲ್ಲಿದ್ದ ಶಾಲೆಯ ಮಕ್ಕಳ ಬಿಳಿ ಅಂಗಿಗಳನ್ನೆಲ್ಲ ಹೊಲಿಯುತ್ತಿದ್ದವಳು ಅವಳೇ. ವರ್ಷದ ಅನ್ನ ಅದರಲ್ಲಿಯೇ ಹುಟ್ಟಬೇಕು. ಉಳಿದ ಬಿಡಿ ಹೊಲಿಗೆಯೆಲ್ಲ ಉಪ್ಪಿನಕಾಯಿಯಂತೆ. ಹೋದ ಸಲ ಅಂಗಿಗಳ ಒಂದು ಗಂಟು ಶಾಲೆಗೆ ಹೋದದ್ದು ಹಾಗೆಯೇ ಹಿಂದಿರುಗಿ ಬಂತು. ಹೆಡ್‌ಮೇಡಂ ತಾವೇ ಹೊತ್ತು ತಂದಿದ್ದರು. ಬಿಳಿ ಬಟ್ಟೆ ಗಾಳಿಯಲ್ಲಿರುವುದನ್ನೆಲ್ಲ ಹೀರಿಕೊಳ್ಳುತ್ತದೆಂದು ಅವಳಿಗೆ ತಿಳಿಯದ್ದೇನಲ್ಲ. ಎರಡು ಸಲ ಒಗೆದು, ಬಿಸಿಲಿಗೆ ಹಾಕಿ, ಇಸ್ತ್ರಿ ಮಾಡಿಯೇ ಕಳಿಸಿದ್ದಳು.

"ಹೊಲಿಗೆ ಬಗ್ಗೆ ಒಂದು ಮಾತೂ ಇಲ್ಲಮ್ಮ," ಎಂದರು ಹೆಡ್‌ಮೇಡಂ, ಗಂಟನ್ನು ಕೆಳಗಿಡಲೂ ಹಿಂಜರಿಯುತ್ತ. "ಆದ್ರೆ ಮಕ್ಕಳ ತಾಯಂದಿರು ಮೂಗು ಮುಚ್ಕೊಂಡು ನನ್ನ ಕೋಣೆಗೇ ಬಂದ್ರು. ಹೊಸ ತರಗತಿ ಶುರುವಾಗೋ ಹೊತ್ತಿಗೂ ಹೀಗೇ ಆದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗತ್ತೆ. ಬೇಜಾರು ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳುವುದಕ್ಕೆ ಅವಳಿಗೆ ಹೊತ್ತೆಲ್ಲಿತ್ತು? ಅಂದೇ ಒಳಚರಂಡಿ ಇಲಾಖೆಗೆ ಫೋನು ಮಾಡಿದಳು.

ಬೀದಿಯ ಒಳಚರಂಡಿಯನ್ನು ಇಲಾಖೆಯವರು ಎರಡು ಪಾಲು ಮಾಡಿಕೊಂಡಿದ್ದರು. ಇಳಿಜಾರಿನ ಮೇಲ್ಭಾಗ ಮೇಲಿನ ವಿಭಾಗಕ್ಕೆ, ಅಲ್ಲಿಂದಾಚೆ ಕೆಳಗಿನ ವಿಭಾಗಕ್ಕೆ. ಅಣ್ಣತಮ್ಮಂದಿರು ಪಾಲಾದರೆ ಇಬ್ಬರಿಗೂ ಸೇರಿದ ಬಾವಿಯ ಹಗ್ಗವೊಂದಾದರೂ ಉಳಿಯುತ್ತದೆ. ಇವರಿಬ್ಬರಿಗೆ ಮಾತುಕತೆಯೂ ಇರಲಿಲ್ಲ. ಮೇಲಿನ ವಿಭಾಗದ ಕೊನೆಯ ಮ್ಯಾನ್‌ಹೋಲ್ ಮಹಡಿಮನೆಯ ಮುಂದೆ. ಕೆಳಗಿನ ವಿಭಾಗದ ಮೊದಲನೆಯದು ಬೀದಿ ತಿರುಗಿದ ಮೇಲೆ, ಹಾಲಿನ ಅಂಗಡಿಯ ಹತ್ತಿರ. ಟೈಲರಮ್ಮನ ಮನೆ ಈ ಎರಡರ ನಡುವೆ. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಮಾತನ್ನು ಅವಳು ಆ ದಿನಗಳಲ್ಲಿ ದಿನಕ್ಕೊಂದು ಸಲವಾದರೂ ಆಡಿರಬೇಕು.

ಮೇಲಿನ ವಿಭಾಗದ ಸೂಪರ್‌ವೈಸರನ್ನು ಬೀದಿಯವರು ನಾಳೆ ಸಾಹೇಬರು ಎನ್ನುತ್ತಿದ್ದರು. ಯಾವುದನ್ನು ಕೇಳಿದರೂ ಅವರ ಬಾಯಲ್ಲಿ ಬರುತ್ತಿದ್ದುದು ನಾಳೆಯೇ. ಆ ಸಲ ಪುಣ್ಯಕ್ಕೆ ಅವರು ನಾಳೆ ಎಂದದ್ದು ನಾಳೆಯೇ ಆಯಿತು. ಜೆಟ್ಟಿಂಗ್ ಗಾಡಿ ಬಂತು. ದಪ್ಪ ರಬ್ಬರು ಕೊಳವೆಯನ್ನು ಮಹಡಿಮನೆಯ ಮುಂದಿನ ಮ್ಯಾನ್‌ಹೋಲಿಗೆ ಇಳಿಸಿ, ರಭಸದಿಂದ ನೀರು ಹೊಡೆದರು. ಮ್ಯಾನ್‌ಹೋಲಿನ ನೀರು ಸರ್ರನೆ ಇಳಿಯಿತು. ನೋಡಲು ನಿಂತಿದ್ದವರು ತಲೆದೂಗಿದರು. ಅದೇ ಹೊತ್ತಿಗೆ ಕೊನೆಮನೆಯ ಬಚ್ಚಲಿನ ಜಾಲರಿ ಒಮ್ಮೆ ಕುಣಿದು, ಬೀದಿಯ ಬದುಕೆಲ್ಲ ಕೋಣೆಯ ಹೊಸ್ತಿಲಿನವರೆಗೆ ಬಂದು ನಿಂತಿತು.

ಅವಳು ಪೊರಕೆಯನ್ನು ಕೈಯಲ್ಲಿ ಹಿಡಿದೇ ಹೊರಗೆ ಓಡಿದಳು. ನಾಳೆ ಸಾಹೇಬರು ಗಾಡಿ ಹತ್ತುತ್ತಿದ್ದರು.

"ಖಾಲಿಯಾಗಿದೆಯಮ್ಮ, ಬೇಕಾದ್ರೆ ನೀವೇ ಬಗ್ಗಿ ನೋಡಿ."

"ಖಾಲಿಯಾಗಿರೋದು ನಮ್ಮ ಬಚ್ಚಲಿಗೆ ಸಾರ್."

"ನಮ್ಮ ಹದ್ದು ಆ ಮ್ಯಾನ್‌ಹೋಲಿಗೆ ಮುಗೀತು. ಅದರಾಚೆ ಕೆಳಗಿನವರನ್ನ ಕೇಳ್ಬೇಕು."

ಗಾಡಿ ಹೋಯಿತು. ಅವಳು ಮಡಿಲಿನಿಂದ ಫೋನು ತೆಗೆದು ನೋಡಿದರೆ, ಇಲಾಖೆಯಿಂದ ಸಂದೇಶ ಬಂದಿತ್ತು: ತಮ್ಮ ದೂರನ್ನು ತೃಪ್ತಿಕರವಾಗಿ ಪರಿಹರಿಸಲಾಗಿದೆ. ಬಚ್ಚಲಿಗೆ ಮರಳಿ, ಪಾದ ಮುಳುಗುವ ನೀರಿನಲ್ಲಿ ನಿಂತು ಅವಳು ಅದನ್ನು ಎರಡು ಸಲ ಓದಿದಳು. ತೃಪ್ತಿ ಯಾರದೆಂದು ಬರೆದಿರಲಿಲ್ಲ.

ಕೆಳಗಿನ ವಿಭಾಗದಿಂದ ಬಂದವರು ಒಬ್ಬ ಇಂಜಿನಿಯರಮ್ಮ. ಮಾತಿನಲ್ಲಿ ಮರ್ಯಾದೆ ಇತ್ತು, ಕೆಲಸದಲ್ಲಿ ಆಸಕ್ತಿಯೂ ಇತ್ತು. ಹಾಲಿನ ಅಂಗಡಿಯ ಹತ್ತಿರದ ಮ್ಯಾನ್‌ಹೋಲ್ ತೆಗೆಸಿ ನೋಡಿದರು. ಬೇಸಿಗೆಯ ತೊರೆಯ ಹಾಗೆ ತಳದಲ್ಲಿ ಒಂದು ಎಳೆ ನೀರು ಅಷ್ಟೇ.

"ನಮ್ಮಲ್ಲಿ ಕಟ್ಟಿಕೊಂಡಿಲ್ಲಮ್ಮ. ನಮಗೆ ನೀರೇ ಬರ್ತಿಲ್ಲ," ಎಂದರು. ಊರಾಚೆ ಹೊಸದಾಗಿ ದೊಡ್ಡ ಶುದ್ಧೀಕರಣ ಘಟಕ ಕಟ್ಟಿದ್ದರು. ಕೊಳಚೆ ನೀರನ್ನು ತಿಳಿಗೊಳಿಸಿ, ಗಾಳಿಯಾಡಿಸಿ, ಕೆರೆಗೆ ಬಿಡುವ ಘಟಕ. ಅಲ್ಲಿಯವರು ಈ ಬಡಾವಣೆಯಿಂದ ನೀರು ಸಾಲುತ್ತಿಲ್ಲ, ಯಂತ್ರ ಸುಮ್ಮನೆ ತಿರುಗುತ್ತಿದೆ ಎಂದು ತಿಂಗಳಿಂದ ಇವರನ್ನು ಕಾಡುತ್ತಿದ್ದರಂತೆ. "ನಿಮ್ಮ ಬೀದಿ ನೀರೆಲ್ಲ ಎಲ್ಲಿಗೆ ಹೋಗ್ತಿದೆ ಅಂತಾನೇ ಗೊತ್ತಾಗ್ತಿಲ್ಲ ನಮಗೆ."

"ನಮ್ಮನೆಗೆ ಬನ್ನಿ, ತೋರಿಸ್ತೀನಿ," ಎಂದಳು ಟೈಲರಮ್ಮ.

ಇಂಜಿನಿಯರಮ್ಮ ಬಂದರು, ನೋಡಿದರು, ಮೂಗಿಗೆ ಸೆರಗಿಟ್ಟುಕೊಳ್ಳದೆ ನೋಡಿದರು. ಅದಕ್ಕಾಗಿ ಟೈಲರಮ್ಮ ಅವರಿಗೆ ಒಂದು ಲೋಟ ಚಹ ಕೊಟ್ಟಳು. ಕೆಳಗಿನ ಮ್ಯಾನ್‌ಹೋಲಿನಿಂದ ಉದ್ದನೆಯ ಕಬ್ಬಿಣದ ಸರಳುಗಳನ್ನು ಒಂದಕ್ಕೊಂದು ಜೋಡಿಸಿ ತಳ್ಳಿಸಿದರು. ಸರಳು ಸ್ವಲ್ಪ ದೂರ ಹೋಗಿ ಗಟ್ಟಿಯಾದ ಏನಕ್ಕೋ ಬಡಿದು ನಿಂತಿತು. ಇಷ್ಟು ಉದ್ದದ ಕೊಳವೆಗೆ ನಡುವೆ ಇನ್ನೊಂದು ಮ್ಯಾನ್‌ಹೋಲ್ ಇರಲೇಬೇಕು, ರಸ್ತೆ ಮಾಡುವಾಗ ಎಲ್ಲಿಯೋ ಮುಚ್ಚಿಹೋಗಿದೆ ಎಂದರು. ಹುಡುಕಬೇಕಾದರೆ ರಸ್ತೆ ಅಗೆಯಬೇಕು. ಅಗೆಯಬೇಕಾದರೆ ರಸ್ತೆ ವಿಭಾಗದ ಒಪ್ಪಿಗೆ ಬೇಕು. ರಸ್ತೆ ವಿಭಾಗದವರು, ಹಾಕಿದ ಕಾಂಕ್ರೀಟನ್ನು ಎಲ್ಲೆಂದರಲ್ಲಿ ಒಡೆಯುವುದಕ್ಕಾಗುವುದಿಲ್ಲ, ನಿಖರವಾದ ಜಾಗ ತೋರಿಸಿ ಎಂದರು. ಜಾಗ ತಿಳಿದಿದ್ದರೆ ಇಷ್ಟೆಲ್ಲ ಏಕೆ?

ಕೊನೆಮನೆಯ ಗೋಡೆಗೆ ಒತ್ತಿಕೊಂಡು, ರಸ್ತೆಯ ಅಂಚಿನಲ್ಲಿ, ಒಂದು ಕಟ್ಟೆ ಇತ್ತು. ಇಟ್ಟಿಗೆಯ ಗೋಡೆಯ ಮೇಲೆ ನುಣುಪಾದ ಕಲ್ಲು ಚಪ್ಪಡಿ. ಕಾಲು ಚಾಚಿ ಕೂರುವಷ್ಟು ಅಗಲ. ಕಟ್ಟಿದವರು ಅವಳ ಮಾವ. ಜೀವಮಾನವೆಲ್ಲ ಗಾರೆ ಕೆಲಸ ಮಾಡಿ ಯಾರು ಯಾರದೋ ಮನೆ ಕಟ್ಟಿದವರು, ಮಂಡಿ ಹಿಡಿದುಕೊಳ್ಳುವ ಮುಂಚೆ ಬೀದಿಗೆಂದು ಕಟ್ಟಿದ ಕೊನೆಯ ಕೆಲಸ ಅದು. ಆಗಿನಿಂದ ಅವರಿಗೆ ಕಟ್ಟೆ ಯಜಮಾನರು ಎಂದೇ ಹೆಸರು. ಸಂಜೆಯಾದರೆ ಬೀದಿಯ ಮುದುಕರೆಲ್ಲ ಅಲ್ಲಿ ಸೇರುತ್ತಿದ್ದರು. ಸರಕಾರ, ಮಂಡಿನೋವು, ಸೊಸೆಯಂದಿರು, ಆಮೇಲೆ ಒಳಚರಂಡಿ ಎಂಬ ಕ್ರಮದಲ್ಲಿ ಮಾತು ಸಾಗುತ್ತಿತ್ತು. ಈ ದರಿದ್ರ ವಾಸನೆ ಎಲ್ಲಿಂದ ಬರುತ್ತದೆಯೋ ಎಂದು ಒಬ್ಬರು ಹೇಳದ ಸಂಜೆ ಇರಲಿಲ್ಲ.

ಅಂಥ ಒಂದು ಸಂಜೆ ಟೈಲರಮ್ಮ ಮಾವನಿಗೆ ಚಹ ತಂದಳು. ಲೋಟವನ್ನು ಕಟ್ಟೆಯ ಮೇಲಿಟ್ಟು ಬಗ್ಗಿದಾಗ, ಅವಳ ಕಿವಿಗೆ ಚಿರಪರಿಚಿತವಾದ ತೇಗು ಕೇಳಿಸಿತು. ಬಚ್ಚಲಿನಿಂದಲ್ಲ. ಚಪ್ಪಡಿಯ ಕೆಳಗಿನಿಂದ. ಮಹಡಿಮನೆಯ ಯಂತ್ರ ನೀರು ಬಿಟ್ಟಿತ್ತು. ಅವಳು ಲೋಟ ಬಿಟ್ಟು, ಕಟ್ಟೆಯ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಇಟ್ಟಿಗೆಗೆ ಕಿವಿಯಿಟ್ಟಳು. ಮುದುಕರೆಲ್ಲ ಕಾಲು ಮೇಲೆತ್ತಿಕೊಂಡರು, ಹಾವು ಬಂತೆಂದು.

ನಾಲ್ಕು ಜನರ ಮುಂದೆ ಮಾವನನ್ನು ಕೇಳುವುದು ಸರಿಯಲ್ಲ ಎಂದು ತಡೆದುಕೊಂಡಳು. ಊಟಕ್ಕೆ ಬಡಿಸುವಾಗ ಕೇಳಿದಳು.

"ಮಾವ, ಕಟ್ಟೆ ಕಟ್ಟೋವಾಗ ಕೆಳಗೆ ಏನಿತ್ತು?"

"ಏನಿರತ್ತೆ, ನೆಲ ಇತ್ತು."

"ಮ್ಯಾನ್‌ಹೋಲ್ ಏನಾದ್ರೂ ಇತ್ತಾ?"

ಮಾವ ತುತ್ತನ್ನು ನಿಧಾನವಾಗಿ ಅಗಿದರು. ರಸ್ತೆಗೆ ಕಾಂಕ್ರೀಟು ಹಾಕಿದವರು ಒಂದು ಹಳೆಯ ಮುಚ್ಚಳವನ್ನು ಮೊಣಕಾಲೆತ್ತರಕ್ಕೆ ಹಾಗೇ ಎತ್ತಿ ಬಿಟ್ಟು ಹೋಗಿದ್ದರಂತೆ. ಹೋಗಿ ಬರುವವರೆಲ್ಲ ಎಡವುತ್ತಿದ್ದರು. ಮಹಡಿಮನೆಯವರು ಸ್ಕೂಟರಿನೊಂದಿಗೆ ಅದರ ಮೇಲೆಯೇ ಬಿದ್ದು ಹಲ್ಲು ಮುರಿದುಕೊಂಡರು. ಯಾರಿಗೂ ಪೆಟ್ಟಾಗದಿರಲಿ ಎಂದು ಇವರು ಉಳಿದ ಸಿಮೆಂಟು, ಹಳೆಯ ಇಟ್ಟಿಗೆ ತಂದು, ಸುತ್ತ ಗೋಡೆಯೆಬ್ಬಿಸಿ ಚಪ್ಪಡಿ ಹೊದಿಸಿದರು. ಬೀದಿಯವರು ಹೊಗಳಿದ್ದೇ ಹೊಗಳಿದ್ದು.

"ಅದು ಚರಂಡೀದಲ್ಲ, ಹಳೇ ಕಾಲದ ನೀರಿನ ಪೈಪಿಂದು," ಎಂದರು ಕೊನೆಗೆ. "ನನ್ನ ಕಟ್ಟೆಗೂ ನಿನ್ನ ಬಚ್ಚಲಿಗೂ ಗಂಟು ಹಾಕಬೇಡ."

"ತೆಗೆದು ನೋಡಿದ್ರೆ ಗೊತ್ತಾಗತ್ತಲ್ಲ ಮಾವ."

"ಗಾರೆಯವನ ಕೈಕೆಲಸ ತೆಗೆದು ನೋಡೋಕೆ ಅದೇನು ಡಬ್ಬಿ ಮುಚ್ಚಳವಾ?"

ಅಲ್ಲಿಗೆ ಮಾತು ಮುಗಿಯಿತು. ಅವಳಿಗೆ ಅಳು ಬರಲಿಲ್ಲ, ಕೋಪ ಬಂತು. ಆ ಕೋಪವನ್ನು ಯಾರ ಮೇಲೆ ಇಳಿಸಬೇಕೆಂಬುದು ಮಾತ್ರ ತೋಚಲಿಲ್ಲ. ತಂದೆಯ ಹಾಗೆ ನೋಡಿಕೊಂಡ ಮನುಷ್ಯ. ಮೊದಲ ಅಂಗಿ ಹೊಲಿದಾಗ ಅದನ್ನು ಹಾಕಿಕೊಂಡು ಬೀದಿಯೆಲ್ಲ ತಿರುಗಿ ತೋರಿಸಿ ಬಂದವರು ಅವರೇ. ಊರಿಗೆ ಉಪಕಾರಿ ಮನೆಗೆ ಮಾರಿ ಎಂಬುದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು.

ಇಂಜಿನಿಯರಮ್ಮನಿಗೆ ತಿಳಿಸಿದಳು. ಅವರು ಬಂದು, ಕಟ್ಟೆಯನ್ನು ಸುತ್ತಿ ನೋಡಿ, ಹೌದು ಇಲ್ಲಿಯೇ ಇರಬೇಕು ಎಂದರು. ಆದರೆ ಕಟ್ಟೆ ಒಡೆಯುವುದು ಒಳಚರಂಡಿಯವರ ಕೆಲಸವಲ್ಲವಂತೆ; ಒತ್ತುವರಿ ತೆರವು ಮಾಡುವವರು ಬೇರೆ. ಅವರು ಬರಬೇಕಾದರೆ ಬೀದಿಯವರ ಆಕ್ಷೇಪಣೆ ಇರಬಾರದು. ನಾಳೆ ಸಾಹೇಬರನ್ನು ಕೇಳಿದರೆ, ಮ್ಯಾನ್‌ಹೋಲ್ ಸಿಕ್ಕಿದರೆ ಅದು ಕೆಳಗಿನ ವಿಭಾಗದ್ದು, ಸಿಗದಿದ್ದರೆ ಯಾರದೂ ಅಲ್ಲ ಎಂದರು. ಹೊಳೆಯ ನೀರಿಗೆ ದೊಣೆನಾಯಕನ ಅಪ್ಪಣೆ ಎನ್ನುತ್ತಾರಲ್ಲ, ಇಲ್ಲಿ ಕೊಳಚೆಯ ನೀರಿಗೂ ಮೂವರು ದೊಣೆನಾಯಕರು.

ಬೀದಿಯವರ ಸಭೆ ಸೇರಿತು. ಸೇರಿದ್ದು ಕಟ್ಟೆಯ ಮೇಲೆಯೇ. ಕಟ್ಟೆ ತೆಗೆಯಬೇಕೋ ಬೇಡವೋ ಎಂದು ಎಲ್ಲರೂ ಕಟ್ಟೆಯ ಮೇಲೆ ಕೂತು ಚರ್ಚಿಸಿದರು. ಎದ್ದು ನಿಂತಿದ್ದವಳು ಟೈಲರಮ್ಮ ಒಬ್ಬಳೇ. ಮಹಡಿಮನೆಯವರು, ತಮ್ಮ ಮ್ಯಾನ್‌ಹೋಲ್ ಚೆನ್ನಾಗಿಯೇ ಓಡುತ್ತಿದೆ ಎಂದರು. ನಡುಮನೆಯವರು, ಯಜಮಾನರ ಮನಸ್ಸು ನೋಯಿಸುವುದು ಬೇಡ, ಬೇಕಾದರೆ ಬಚ್ಚಲನ್ನು ಒಂದಿಷ್ಟು ಎತ್ತರಿಸಿಕೊಳ್ಳಲಿ ಎಂದರು. ಮಾವ ಚಪ್ಪಡಿಯ ಅಂಚನ್ನು ಅಂಗೈಯಿಂದ ಸವರುತ್ತ ಕೂತಿದ್ದರು.

ಮರುವಾರ ಶಾಲೆಯಿಂದ ಬಟ್ಟೆಯ ಮೊದಲ ಕಂತು, ಚಿಕ್ಕಮಕ್ಕಳ ಅಂಗಿಯ ಥಾನುಗಳು ಬಂದವು. ಅವಳು ಅವನ್ನು ಕೋಣೆಯ ನೆಲಕ್ಕೆ ತಾಗಿಸದೆ ಮೇಜಿನ ಮೇಲೆ, ಕಪಾಟಿನ ಮೇಲೆ, ಕಿಟಕಿಯ ಹಲಗೆಯ ಮೇಲೆ ಪೇರಿಸಿದಳು. ಕತ್ತರಿಸಿಯೂ ಆಯಿತು. ಹೊಲಿಗೆಗೆ ಕೂತಳು. ನಡುಮಧ್ಯಾಹ್ನ ಮೇಲಿನ ವಿಭಾಗದ ಗಾಡಿ ಯಾರ ಕರೆಯೂ ಇಲ್ಲದೆ ಬಂತು, ವಾರ್ಷಿಕ ಸ್ವಚ್ಛತೆಯಂತೆ. ಅವಳು ಹೊರಗೆ ಓಡಿ ಬೇಡ ಎನ್ನುವಷ್ಟರಲ್ಲಿ ನೀರು ಹೊಡೆದಾಗಿತ್ತು. ಈ ಸಲ ಹೊಸ್ತಿಲನ್ನೂ ದಾಟಿತು. ಹೊಲಿಗೆಯಂತ್ರದ ಕಾಲುಹಲಗೆ ಮುಳುಗಿತು.

ಅವಳು ಕೂಗಾಡಲಿಲ್ಲ. ಮೊದಲು ಕತ್ತರಿಸಿದ ಬಟ್ಟೆಯನ್ನೆಲ್ಲ ತೋಳಿಗೆ ತುಂಬಿಕೊಂಡು ಹೊರಗೆ ತಂದು ಕಟ್ಟೆಯ ಮೇಲೆ ಹರಡಿದಳು. ಕಾಲರುಗಳು ಒಂದು ಕಡೆ, ತೋಳುಗಳು ಒಂದು ಕಡೆ, ಬೆನ್ನುಭಾಗಗಳು ಚಪ್ಪಡಿಯ ಉದ್ದಕ್ಕೂ. ಆಮೇಲೆ ಹಾಲಿನ ಅಂಗಡಿಯವನನ್ನು ಕರೆದು ಯಂತ್ರವನ್ನು ಎತ್ತಿಸಿ, ತೊಳೆದು ಒರೆಸಿ, ಕಟ್ಟೆಯ ಮುಂದೆ ಇಡಿಸಿದಳು. ಕಟ್ಟೆಯ ಮೇಲೆ ಕೂತಳು. ತುಳಿಯತೊಡಗಿದಳು.

ಸಂಜೆ ಮುದುಕರು ಒಬ್ಬೊಬ್ಬರಾಗಿ ಬಂದರು. ಕೂರಲು ಜಾಗವಿರಲಿಲ್ಲ.

"ಏನಮ್ಮಾ ಇದು, ನಾವೆಲ್ಲಿ ಕೂತ್ಕೋಬೇಕು?" ಎಂದರು ನಡುಮನೆಯವರು.

"ನಮ್ಮ ಕೋಣೇಲಿ ಕೂತ್ಕೊಳ್ಳಿ ಮಾವಯ್ಯ, ಖಾಲಿ ಇದೆ. ಪಂಚೆ ಮಾತ್ರ ಮೇಲೆತ್ತಿ ಕಟ್ಕೊಳ್ಳಿ."

ಯಾರೋ ನಕ್ಕರು, ನಕ್ಕವರು ತಾವೇ ಕೆಮ್ಮಿ ಮುಚ್ಚಿಕೊಂಡರು. ಗೋಡೆಗೆ ಒರಗಿ ನಿಂತು ಮಾತಾಡಿ ನೋಡಿದರು. ನಿಂತು ಸರಕಾರವನ್ನು ಬೈಯುವುದು ಅಷ್ಟು ಸಲೀಸಲ್ಲ. ಮಂಡಿನೋವಿನ ವಿಷಯ ಬರುವಷ್ಟರಲ್ಲಿ ಮಂಡಿಯೇ ನೋಯತೊಡಗಿತು. ಮನೆಗೆ ಹೋದರು. ಮರುದಿನವೂ ಅವಳು ಅಲ್ಲಿಯೇ ಇದ್ದಳು, ಅದರ ಮರುದಿನವೂ. ಬಿಸಿಲಿಗೆ ಒಂದು ಹಳೆಯ ಪರದೆಯನ್ನು ಕಟ್ಟಿಕೊಂಡಳು. ಮಹಡಿಮನೆಯವರು, ಬೀದಿಯ ಮರ್ಯಾದೆ ಏನಾಗಬೇಕು ಎಂದು ಮಾವನನ್ನು ಕೇಳಿದರಂತೆ. ಮನೆಯೊಳಗೆ ಮಾವ ಸೊಸೆ ಮಾತು ಬಿಟ್ಟಿದ್ದರು. ಅವಳು ಬಡಿಸುವುದು, ಅವರು ಉಣ್ಣುವುದು. ಆ ಮೌನ ಅವಳಿಗೆ ಬಚ್ಚಲಿನ ನೀರಿಗಿಂತ ಹೆಚ್ಚು ಹೇಸಿಗೆಯಾಗಿತ್ತು, ಆದರೂ ಯಂತ್ರವನ್ನು ಒಳಗೆ ತರಲಿಲ್ಲ.

ಒಂದು ಬೆಳಿಗ್ಗೆ ಅವಳು ಬಟ್ಟೆಯ ಗಂಟು ಹೊತ್ತು ಹೊರಗೆ ಬಂದರೆ, ಮಾವ ಆಗಲೇ ಕಟ್ಟೆಯ ಬುಡದಲ್ಲಿ ಕೂತಿದ್ದರು. ಪಕ್ಕದಲ್ಲಿ ಉಳಿ, ಸುತ್ತಿಗೆ.

"ಇಲಾಖೆಯವರು ಬಂದು ಸುತ್ತಿಗೆ ಬೀಸಿದ್ರೆ ಕಲ್ಲು ಮೂರು ಚೂರಾಗತ್ತೆ," ಎಂದರು, ಅವಳ ಕಡೆ ನೋಡದೆ. "ಬಟ್ಟೆ ಒಳಗಿಡು. ಧೂಳು ಬೀಳತ್ತೆ."

ಸಂದುಗಳ ಗಾರೆಯನ್ನು ಎಬ್ಬಿಸಿ, ಚಪ್ಪಡಿಯನ್ನು ಒಂದು ಕಡೆಗೆ ಜರುಗಿಸಲು ಮಧ್ಯಾಹ್ನವಾಯಿತು. ಹಾಲಿನ ಅಂಗಡಿಯವನೂ ನಡುಮನೆಯವರೂ ಕೈಜೋಡಿಸಿದರು. ಒಳಗೆ, ಇಟ್ಟಿಗೆಯ ನಾಲ್ಕು ಗೋಡೆಗಳ ನಡುವೆ, ಅಂಚು ಮುರಿದ ದುಂಡನೆಯ ಕಬ್ಬಿಣದ ಮುಚ್ಚಳ. ಅದರ ಮೇಲೆ ಇಲಾಖೆಯ ಮುದ್ರೆ. ಬೀದಿಯೆಲ್ಲ ಮೂಗು ಮುಚ್ಚಿಕೊಂಡು ಹಿಂದೆ ಸರಿಯಿತು. ಮಾವ ಅದನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿದರು.

"ಇದನ್ನ ಇಲ್ಲಿ ಯಾರು ತಂದಿಟ್ರು?" ಎಂದರು.

ಟೈಲರಮ್ಮನಿಗೆ ಹೇಳುವುದು ಬೆಟ್ಟದಷ್ಟಿತ್ತು. ಒಂದು ಚೆಂಬು ನೀರು ತಂದು ಅವರ ಕೈಗೆ ಸುರಿದಳು.

ಇಂಜಿನಿಯರಮ್ಮ ಅಂದೇ ಗಾಡಿ ತಂದರು. ಮೇಲಧಿಕಾರಿಯನ್ನು ಕೇಳಿದರೆ ತಡವಾಗುತ್ತದೆಂದು ಕೇಳದೆಯೇ ತಂದರಂತೆ. ಯಾರನ್ನೂ ಒಳಗೆ ಇಳಿಸದೆ, ಯಂತ್ರದ ಬಕೆಟ್ಟಿನಿಂದಲೇ ಬಾಚಿ ತೆಗೆಸಿದರು. ಮುಚ್ಚಳದ ಮುರಿದ ಅಂಚಿನಿಂದ ಜಾರಿ ಬಿದ್ದಿದ್ದ ಅರ್ಧ ಇಟ್ಟಿಗೆಗಳು, ಚೀಲದ ಸಮೇತ ಕಲ್ಲಾದ ಸಿಮೆಂಟು, ಅವಕ್ಕೆ ಸುತ್ತಿಕೊಂಡ ಬೀದಿಯ ಎಷ್ಟೋ ವರ್ಷಗಳ ಕಸ. ರಸ್ತೆಯ ಮೇಲೆ ರಾಶಿ ಬಿದ್ದ ಆ ಇಟ್ಟಿಗೆಗಳನ್ನು ಎಲ್ಲರೂ ನೋಡಿದರು, ಯಾರೂ ಗುರುತು ಹಿಡಿಯಲಿಲ್ಲ. ಕೊಳವೆಯಲ್ಲಿ ನೀರು ಒಮ್ಮೆ ಗಕ್ಕನೆ ಕದಲಿ, ಸದ್ದಿಲ್ಲದೆ ಹಾಲಿನ ಅಂಗಡಿಯತ್ತ ಹರಿಯಿತು. ನಾಳೆ ಸಾಹೇಬರೂ ಬಂದಿದ್ದರು. ಸಿಕ್ಕಿದ ಮ್ಯಾನ್‌ಹೋಲ್ ಯಾವ ವಿಭಾಗದ್ದೆಂದು ಇಂಜಿನಿಯರಮ್ಮನೊಡನೆ ಅಲ್ಲಿಯೇ ವಾದಕ್ಕೆ ನಿಂತರು. ಅದು ಇನ್ನೂ ತೀರ್ಮಾನವಾಗಿಲ್ಲ.

ಟೈಲರಮ್ಮ ಕೋಣೆಯನ್ನು ತೊಳೆದಳು, ಒಣಗಿಸಿದಳು, ಮತ್ತೆ ತೊಳೆದಳು. ಗೋಡೆಗೆ ಸುಣ್ಣ ಹೊಡೆದವರು ಮಾವ. ಕೇಳದೆಯೇ ಹೊಡೆದರು. ತಪ್ಪಾಯಿತು ಎಂಬ ಮಾತಿಗಾಗಿ ಅವಳು ಕಾದಳು. ಅದು ಬರಲಿಲ್ಲ. ಬದಲಿಗೆ ಬಂದದ್ದು, "ಆ ಇಲಾಖೆಯವರು ಆಗಲೇ ಒಂದು ಮಾತು ಹೇಳ್ಬೇಕಾಗಿತ್ತು," ಎಂಬುದು. ಅದನ್ನು ಅವರು ಸುಣ್ಣದ ಬ್ರಷ್ಷಿಗೆ ಹೇಳಿದರು.

ಹೊಸ ತರಗತಿಯ ಹಿಂದಿನ ದಿನ ಹೆಡ್‌ಮೇಡಂ ಬಂದರು. ಮಡಿಸಿಟ್ಟ ಅಂಗಿಗಳಲ್ಲಿ ನಡುವಿನಿಂದ ಒಂದನ್ನು ಎಳೆದು ಮೂಗಿಗೆ ಹಿಡಿದರು. ಇನ್ನೊಂದನ್ನು ತಳದಿಂದ ಎಳೆದು ಹಿಡಿದರು. ಟೈಲರಮ್ಮ ಕೈಕಟ್ಟಿ ನಿಂತಿದ್ದಳು. ಜೀವಮಾನದ ಕಸುಬನ್ನು ಮೂಗಿನಿಂದ ಅಳೆಯುವುದನ್ನು ನೋಡುತ್ತ ನಿಲ್ಲುವುದು ಸುಲಭವಲ್ಲ.

"ಏನೂ ಇಲ್ಲ," ಎಂದರು ಹೆಡ್‌ಮೇಡಂ. ಆಮೇಲೆ ಕಣ್ಣು ಬೇರೆಡೆಗೆ ತಿರುಗಿಸಿ, "ಆದ್ರೆ ದೊಡ್ಡ ಮಕ್ಕಳದ್ದು ಬೇರೆಯವರಿಗೆ ಕೊಟ್ಟಾಗಿದೆಯಮ್ಮ. ನೀವು ರಸ್ತೇಲಿ ಕೂತು ಹೊಲೀತಿದ್ದೀರಿ ಅಂತ ಯಾರೋ ಹೇಳಿದ್ರು. ನಾನೂ ಹೆದರಿದೆ. ಚಿಕ್ಕಮಕ್ಕಳದ್ದು ನಿಮಗೇ ಇರಲಿ."

"ರಸ್ತೇಲಿ ಯಾಕೆ ಕೂತಿದ್ದೆ ಅಂತ ಆ ಯಾರೋ ಹೇಳಲಿಲ್ವಾ ಮೇಡಂ?"

ಹೆಡ್‌ಮೇಡಂ ಗಂಟು ಕಟ್ಟಿಸಿಕೊಂಡು, ಹೊಲಿಗೆ ಬಹಳ ಅಚ್ಚುಕಟ್ಟು ಎಂದು ಹೊಗಳಿ ಹೋದರು.

ಬೀದಿಯ ಮುದುಕರು ಈಗ ಮಹಡಿಮನೆಯ ಮೆಟ್ಟಿಲ ಮೇಲೆ ಸೇರುತ್ತಾರೆ; ಮಾವನೂ ಕೋಲೂರಿಕೊಂಡು ಅಲ್ಲಿಗೇ ಹತ್ತುತ್ತಾರೆ. ಟೈಲರಮ್ಮ ತೆಗೆದಿಟ್ಟ ಕಲ್ಲು ಚಪ್ಪಡಿಯನ್ನು ನಾಲ್ಕು ಜನರಿಂದ ಹೊರಿಸಿ ತನ್ನ ಕೋಣೆಗೆ ತಂದುಕೊಂಡಿದ್ದಾಳೆ, ಬಟ್ಟೆ ಕತ್ತರಿಸುವುದಕ್ಕೆ. ಅದರ ಕಾಲುಗಳನ್ನು ಮಾವನೇ ಇಟ್ಟಿಗೆಯಲ್ಲಿ ಕಟ್ಟಿಕೊಟ್ಟರು, ಕೆಳಗೆ ಏನೂ ಇಲ್ಲವೆಂದು ಅವಳು ಬಗ್ಗಿ ನೋಡಿ ಹೂಂ ಎಂದ ಮೇಲೆ. ಅದರ ಮೇಲೆ ಚಿಕ್ಕಮಕ್ಕಳ ಅಂಗಿಯ ಬಟ್ಟೆ ಹರಡಿದರೆ ಅರ್ಧ ಕಲ್ಲು ಖಾಲಿ ಉಳಿಯುತ್ತದೆ. ಆ ಖಾಲಿ ಅರ್ಧದ ಕಡೆ ಅವಳು ನೋಡುವುದಿಲ್ಲ. ಕತ್ತರಿ ಮಾತ್ರ ಬೇಕಾದದ್ದಕ್ಕಿಂತ ಜೋರಾಗಿ ಸದ್ದು ಮಾಡುತ್ತದೆ.